ಹೆಂಡತಿಯ ಮನೆಗೆ ನಾನು ಬಾಡಿಗೆದಾರನಾದದ್ದು

ನಾನು ಗಡಿಯಾಚೆ, ಮರಾಠಿ ಸೀಮೆಯ ಉಮರ್ಗಾದಲ್ಲಿ ಮನೆಯಲ್ಲೇ ಕುಳಿತು ಡಿಸೈನ್ ಮಾಡುವವನು. ಲಗ್ನಪತ್ರಿಕೆ, ತೊಗರಿಬೇಳೆ ಪಾಕೀಟಿನ ಲೇಬಲ್, ಹುಟ್ಟುಹಬ್ಬದ ಫ್ಲೆಕ್ಸ್, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಒಂದು ವರ್ಷ ಪುಣೆಯ ಕಂಪನಿಯೊಂದು ಕೈತುಂಬ ಕೆಲಸ ಕೊಟ್ಟಿತು. ಆದರೆ ಪ್ರತಿ ಬಿಲ್ಲಿನಲ್ಲೂ ನೂರಕ್ಕೆ ಹತ್ತು ರೂಪಾಯಿ ತೆರಿಗೆಯೆಂದು ಮುರಿದುಕೊಂಡೇ ದುಡ್ಡು ಹಾಕಿತು. ಆ ಹತ್ತನ್ನು ಸರಕಾರದಿಂದ ವಾಪಸು ತರುವುದು ನನಗೆ ನೀರು ಕುಡಿದಷ್ಟು ಸುಲಭ ಎಂದು ನಂಬಿದ್ದೆ. ಕೆಲಸಕ್ಕೆ ತಗಲಿದ ಖರ್ಚನ್ನೆಲ್ಲ ತೋರಿಸಿದರೆ ಆಯಿತು! ಕಂಪ್ಯೂಟರ್ ಬರೆದೆ, ಇಂಟರ್ನೆಟ್ ಬರೆದೆ. ಆಮೇಲೆ ಹೊಳೆಯಿತು: ಕೆಲಸದ ಕೋಣೆಯ ಬಾಡಿಗೆ!

ಒಂದೇ ತೊಂದರೆ. ಬಾಡಿಗೆಯೇ ಇರಲಿಲ್ಲ. ಮನೆ ನನ್ನ ಹೆಂಡತಿ ಮಹಾನಂದಾಳದು. ಉದಗೀರದಲ್ಲಿ ಕಾಳಿನ ವ್ಯಾಪಾರ ಮಾಡುವ ಮಾವನವರು, ತೊಂಬತ್ತಮೂರರ ಭೂಕಂಪದ ನಂತರ ಇಲ್ಲಿ ಅಗ್ಗಕ್ಕೆ ಸಿಕ್ಕ ಜಾಗದಲ್ಲಿ ಕಬ್ಬಿಣ ಸುರಿದು ಕಟ್ಟಿಸಿ, ಮುಂದೆ ಮಗಳ ಹೆಸರಿಗೆ ಮಾಡಿಕೊಟ್ಟ ಮನೆ.

ಆಕೆ ಜೋಳ ಹಸನು ಮಾಡುತ್ತಿದ್ದಾಗ ವಿಷಯ ತೆಗೆದೆ. "ನನ್ನ ಕೋಣಿಗಿ ತಿಂಗಳಿಗಿ ಮೂರು ಸಾವಿರ ಬಾಡಗಿ ಅಂತ ಒಂದು ಕಾಗದ ಮಾಡೋಣು."

"ಖರೇ ಕೊಡ್ತೀರೇನು?"

"ಖರೇ ಅಲ್ಲ. ಬರೇ ಕಾಗದದ ಮ್ಯಾಲ."

ಆಕೆ ಮೊರ ಕೆಳಗಿಟ್ಟಳು. "ಸುಳ್ಳ ಕಾಗದಕ್ಕ ಸಹಿ ಹಾಕಲಾಕ ನಮ್ಮಪ್ಪ ಕಲಿಸಿಲ್ರಿ. ಕೊಡೂದಿದ್ರ ಖರೇ ಕೊಡ್ರಿ. ಮತ್ತ ಮೂರು ಸಾವಿರಕ್ಕ ಈ ಓಣ್ಯಾಗ ಎಮ್ಮಿ ಕಟ್ಟಲಾಕೂ ಜಾಗಾ ಸಿಗಂಗಿಲ್ಲ."

ನಾಲ್ಕು ಸಾವಿರಕ್ಕೆ ಕುದುರಿತು.

ಕರಾರುಪತ್ರವನ್ನು ನಾನೇ ಕಂಪೋಸ್ ಮಾಡಿದೆ. ಅಂಚಿನಲ್ಲಿ, ಸಾಲುಗಳ ನಡುವೆ, ಕೆಳಗೆ ಎಲ್ಲೆಡೆ ಧಾರಾಳ ಬಿಳಿ ಜಾಗ. ಜಾಗ ಬಿಟ್ಟರೇ ಅಕ್ಷರಕ್ಕೆ ಶೋಭೆ ಎಂಬುದು ನಮ್ಮ ಕಸುಬಿನ ಧರ್ಮ. ತಹಸೀಲು ಕಚೇರಿಯ ಮುಂದೆ ಕೂಡುವ ಬಾಂಡ್ ಬರೆಯುವವನು ಅದನ್ನು ನೋಡಿ ಗಾಬರಿಯಾದ. "ಅಹೋ, ಏವಢೀ ಜಾಗಾ ರಿಕಾಮೀ?" ಕರಾರಿನಲ್ಲಿ ಜಾಗ ಖಾಲಿ ಬಿಡಬಾರದಂತೆ. ಆಮೇಲೆ ಯಾರಾದರೂ ಏನಾದರೂ ತುಂಬಿಬಿಡುತ್ತಾರಂತೆ.

ಮಹಾನಂದಾ ಆಮೇಲಿನವರೆಗೆ ಕಾಯಲಿಲ್ಲ. "ಹಂಗಾದ್ರ ಬರಕೋರಿ," ಎಂದು ಅವನ ಪಕ್ಕದಲ್ಲೇ ಕುಳಿತಳು. ಲೈಟ್ ಬಿಲ್ಲು ಬೇರೆ. ಬಾಡಿಗೆ ಐದನೇ ತಾರೀಖಿನೊಳಗೆ. ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಗಿರಾಕಿಗಳಿಗೆ ಚಹಾ ದಿನಕ್ಕೆ ಎರಡೇ ಕಪ್ಪು. ಬಿಳಿ ಜಾಗ ಪೂರ್ತಿ ತುಂಬಿತು! ನಾನು ಸಹಿ ಹಾಕಿದೆ. ಸಹಿ ಮಾತ್ರ ಚೆಂದ ಬಂತು.

ಮೂರನೇ ತಿಂಗಳು ತುರೋರಿಯಿಂದ ಢಾಬಾದ ಮಾಲಕನೊಬ್ಬ ಬೋರ್ಡು ಮಾಡಿಸಲು ಬಂದ. ಬಾಗಿಲಲ್ಲಿ ಮಹಾನಂದಾ ಹೇಳಿದ್ದು ನನಗೆ ಕೇಳಿಸಿತು: "ಬರ್ರಿ, ಬಾಡಗಿದಾರರು ಒಳಗ ಅದಾರ."

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಯಾಕ್ರೀ ಸಾಹೇಬ್ರ, ಗಂಡ ಹೆಂಡ್ತಿ ಸೋಡಚೀಟಿ ಆಗ್ಯಾದೇನು?"

"ಇಲ್ಲಪ್ಪಾ, ಟ್ಯಾಕ್ಸ್ ಉಳಸಲಾಕ."

ಅವನು ನಂಬಲಿಲ್ಲ. ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿ ಹೋದ. ನಾಲ್ಕೇ ದಿನದಲ್ಲಿ ಸುದ್ದಿ ಉದಗೀರ ಮುಟ್ಟಿತು. ಮಾವನವರು ಮೊದಲ ಬಸ್ಸಿಗೇ ಬಂದಿಳಿದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಕೈಕಾಲು ಕೂಡ ತೊಳೆಯದೆ ಕರಾರು ತರಿಸಿಕೊಂಡು ಎರಡು ಸಲ ಓದಿದರು. ಮಗಳ ಸಂಸಾರ ಮುರಿಯಿತೆಂದು ಓಡಿ ಬಂದ ಹಿರಿಯರು. ಕಡೆಗೆ ಕನ್ನಡಕ ತೆಗೆದು ಮಗಳತ್ತ ತಿರುಗಿದರು.

"ನಾಕು ಸಾವಿರ ಕಮ್ಮಿ ಆಯ್ತಲ್ಲವ್ವಾ."

ಜುಲೈಯಲ್ಲಿ ರಿಟರ್ನ್ ತುಂಬಲು ಕುಳಿತೆ. ಗಳಿಕೆ ಇಷ್ಟು, ಬಾಡಿಗೆ ಸೇರಿ ಖರ್ಚು ಇಷ್ಟು. ಕಂಪ್ಯೂಟರು ಆಡಿಟ್ ವರದಿ ಎಲ್ಲಿ ಎಂದು ಕೇಳಿತು. ನನ್ನ ಬಳಿ ಅಂಥದ್ದೇನೂ ಇರಲಿಲ್ಲ. ಯಾರ ಫೀ ಉಳಿಸಲು ಲೆಕ್ಕವನ್ನೆಲ್ಲ ನಾನೇ ಮಾಡಲು ಹೊರಟಿದ್ದೆನೋ ಆ ಟ್ಯಾಕ್ಸ್ ಸಲಹೆಗಾರ ಬಿರಾಜದಾರರ ಬಳಿಗೇ ಬಿಲ್ಲುಗಳ ಚೀಲ ಹಿಡಿದು ಹೋದೆ. ಅವರು ಚೀಲ ಬಿಚ್ಚಲೇ ಇಲ್ಲ.

"ನಿಮ್ಮಂಥ ಕಸುಬಿನವ್ರಿಗಿ ಬಂದದ್ರಾಗ ಅರ್ಧ ಖರ್ಚಂತ ಸರಕಾರನೇ ಬಿಡ್ತದರಿ. ಒಂದು ಬಿಲ್ಲೂ ಕೇಳಂಗಿಲ್ಲ. ಅರ್ಧಕ್ಕಿಂತ ಜಾಸ್ತಿ ತೋರಸ್ತೀರಂದ್ರ ವಹಿ ಬೇಕು, ಆಡಿಟ್ ಬೇಕು. ಉಳಿಯೂ ಟ್ಯಾಕ್ಸಿಗಿಂತ ಅದರ ಫೀನೇ ಜಾಸ್ತಿ."

"ಮತ್ತ ನಾ ಕೊಟ್ಟ ಬಾಡಗಿ?"

"ಮನಿಯವ್ರಿಗಿ ಖರೇನೇ ಕೊಟ್ಟೀರಾ?" ಅವರು ಪೆನ್ನು ಕೆಳಗಿಟ್ಟು ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು. "ಅವರಿಗಿ ಛಲೊ ಆಯ್ತು ಬಿಡ್ರಿ."

ಅರ್ಧ ತಾಸಿನಲ್ಲಿ ಕೆಲಸ ಮುಗಿಸಿದರು. ಮುಂದೆ ದುಡ್ಡೂ ಬಂತು. ಬಾಡಿಗೆ ಕೊಡದೆಯೂ ಬರುತ್ತಿದ್ದ ದುಡ್ಡು!

ಆ ದಿನ ಮನೆಗೆ ಬಂದವನೇ, "ಆ ಕರಾರ ಹರದ ಹಾಕೋಣು. ಟ್ಯಾಕ್ಸೇನೂ ಉಳಿಯಂಗಿಲ್ಲಂತ," ಎಂದೆ.

"ಅದು ನಿಮ್ದು ಸರಕಾರದ್ದು ಮಾತು," ಎಂದಳು. "ನಮ್ದು ನಿಮ್ದು ಬಾಂಡದ ಮ್ಯಾಲ ಅದ."

ನನಗೂ ಸ್ವಾಭಿಮಾನವಿದೆ. ಮರುದಿನವೇ ಪೇಟೆಯಲ್ಲಿ ಬಟ್ಟೆ ಅಂಗಡಿಯ ಮೇಲಿನ ಕೋಣೆ ನೋಡಲು ಹೋದೆ. ಅದರ ಮಾಲಕರು ವಯಸ್ಸಾದವರು, ಹುಷಾರಿ ಮನುಷ್ಯ. "ಈಗ ಎಲ್ಲಿ ಅದೀರಿ? ಆ ಮಾಲಕರ ನಂಬರ ಕೊಡ್ರಿ," ಎಂದರು. ಬೇರೆ ದಾರಿ ಇರಲಿಲ್ಲ. ಕೊಟ್ಟೆ. ಅವರಿಗೆ ಕಿವಿ ಮಂದ. ಫೋನನ್ನು ಸ್ಪೀಕರಿಗೆ ಹಾಕಿದರು.

"ಮನಷ್ಯಾ ಛಲೊ ಅದಾರ್ರಿ," ಎಂದಿತು ಮಹಾನಂದಾಳ ದನಿ. "ಬಾಡಗಿ ತಪ್ಪಸಂಗಿಲ್ಲ. ಲೆಕ್ಕ ಒಂದು ಬರಂಗಿಲ್ಲ ನೋಡ್ರಿ. ನೀವೆಷ್ಟ ಕೇಳೀರಿ?"

"ಆರು ಸಾವಿರ."

"ಕೊಡ್ತಾರ ತಗೋರಿ, ಪಾಪ."

ನಾನು ಮೆಟ್ಟಿಲಿಳಿದು ಮನೆಯ ದಾರಿ ಹಿಡಿದೆ. ಪೇಟೆಯ ದರ ಈಗ ಆಕೆಗೂ ಗೊತ್ತಾಗಿತ್ತು. ಹೊಸ ಕರಾರಿನಲ್ಲಿ ನನ್ನ ಬಾಡಿಗೆ ಐದು ಸಾವಿರ. ಸಹಿ ಹಾಕಿದ್ದೇನೆ.