ನಮ್ಮ ಮಾವ ಗೇಣು ಹಾಕಿದ ಯುದ್ಧಗಳು

ಲೋಕದಲ್ಲಿ ಸದ್ಯ ಎಷ್ಟು ಯುದ್ಧ ನಡೆಯುತ್ತಿವೆ ಎಂಬುದು ದೊಡ್ಡ ದೊಡ್ಡ ದೇಶಗಳ ಮಂತ್ರಿಗಳಿಗೆ ಗೊತ್ತಿದೆಯೋ ಇಲ್ಲವೋ, ಇಳಕಲ್ಲಿನ ನನ್ನ ಸೋದರಮಾವನಿಗೆ ಗೊತ್ತು! ಯಾವ ಯುದ್ಧ ಎಷ್ಟು ಉದ್ದ ಎಂಬುದೂ ಗೊತ್ತು. ವರ್ಷ, ತಿಂಗಳಿನ ಲೆಕ್ಕದಲ್ಲಿ ಅಲ್ಲ ಸ್ವಾಮಿ, ಗೇಣಿನ ಲೆಕ್ಕದಲ್ಲಿ.

ಮಾವ ಕುಣಿಮಗ್ಗದ ನೇಕಾರ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಸೀರೆ ನೇಯುವವನು. ದಿನಾ ಬೆಳಿಗ್ಗೆ ಪೇಪರು ಬಂದ ಕೂಡಲೇ ಅದನ್ನು ನೆಲಕ್ಕೆ ಹಾಸಿ, ಯುದ್ಧದ ಸುದ್ದಿ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಗೇಣು ಹಾಕುತ್ತಾನೆ. ಉಳಿದ ರೇಷ್ಮೆಯ ತುಂಡು ದಾರವನ್ನು ಅಷ್ಟೇ ಉದ್ದಕ್ಕೆ ಕತ್ತರಿಸಿ, ನಿನ್ನೆಯ ದಾರಕ್ಕೆ ಗಂಟು ಹಾಕಿ, ಮಗ್ಗದ ಎದುರಿನ ಗೋಡೆಗೆ ತೂಗುಬಿಡುತ್ತಾನೆ. ಒಂದು ಯುದ್ಧಕ್ಕೆ ಒಂದು ಮೊಳೆ, ಒಂದು ಬಣ್ಣ. ಉಕ್ರೇನಿನ ನೀಲಿ ದಾರ ನೆಲ ಮುಟ್ಟಿ, ಸುರುಳಿ ಸುತ್ತಿ, ಈಗ ಬುಟ್ಟಿಯಲ್ಲಿ ಕೂತಿದೆ. ಗಾಜಾದ ಕೆಂಪು ದಾರಕ್ಕೂ ಒಂದು ಬುಟ್ಟಿ ಬಂತು. ಸೂಡಾನಿನದು ಅರಿಸಿನ ಬಣ್ಣ, ನಾಲ್ಕೇ ಮೊಳ. ಯೆಮೆನ್ನಿನ ಹಸಿರು ದಾರ ಗೊಂಬೆಯ ಜಡೆಗೂ ಸಾಲದು!

ಕೊನೆಗೆ ಒಂದು ಖಾಲಿ ಮೊಳೆ. ಅದಕ್ಕೆ ದಾರವಿಲ್ಲ. ಒಮ್ಮೆ ಅತ್ತೆ ಅದಕ್ಕೆ ಹಿಟ್ಟಿನ ಜರಡಿ ನೇತುಹಾಕಿದ್ದಕ್ಕೆ, ಹುಟ್ಟಿದಾಗಿನಿಂದ ದನಿ ಏರಿಸದ ಮಾವ ಎರಡು ದಿನ ಮಾತು ಬಿಟ್ಟಿದ್ದ. ಅತ್ತೆಗೆ ಆ ಎರಡು ದಿನ ಬಹಳ ಆರಾಮಾಗಿತ್ತಂತೆ, ಅದು ಬೇರೆ ಮಾತು.

ನಾನು ಹುನಗುಂದದಲ್ಲಿ ಶಾಲೆಯ ಟೀಚರು. ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಅತ್ತೆಯ ರೊಟ್ಟಿಯ ಆಸೆಗೆ ಇಳಕಲ್ಲಿಗೆ ಬರುತ್ತೇನೆ. ರೊಟ್ಟಿಗಿಂತ ಮೊದಲು ಮಾವನ ಪಾಠ! ಕೆಲವು ಯುದ್ಧಗಳಿಗೆ ಮುಖಪುಟ, ಕೆಲವಕ್ಕೆ ರಾಶಿಭವಿಷ್ಯದ ಕೆಳಗೆ ಎರಡು ಸಾಲು, ಯಾಕೆ? ಮಾವನ ಸಂಶೋಧನೆ ಇದು:

"ಯುದ್ಧ ಮಾಡವ್ರು ಮೊದ್ಲ ಕ್ಯಾಮೆರಾದವನ ವ್ಯವಸ್ಥಾ ನೋಡಬೇಕವಾ. ಛಲೋ ರಸ್ತೆ, ಛಲೋ ಹೋಟೆಲ್, ಹೊತ್ತಿಗೆ ಸರಿ ಚಹಾ. ಅದಿಲ್ಲಂದ್ರ ಎಷ್ಟ ಬಡಿದಾಡಿದ್ರೂ ಒಳಗಿನ ಪುಟಾನ."

ಸೂಡಾನಿನಲ್ಲಿ ನಮ್ಮ ರಾಜ್ಯದ ಕೆಲವರು ಸಿಕ್ಕಿಬಿದ್ದಾಗ ಅರಿಸಿನ ದಾರ ದಿನಕ್ಕೆ ಗೇಣುಗೇಣು ಬೆಳೆಯಿತು. ನಮ್ಮವರು ಕ್ಷೇಮವಾಗಿ ವಾಪಸು ಬಂದರು ನೋಡಿ, ಅವರ ಹಿಂದೆಯೇ ಯುದ್ಧವೂ ಪೇಪರಿನಿಂದ ಗಂಟುಮೂಟೆ ಕಟ್ಟಿತು! ಅಲ್ಲಿ ಮಾತ್ರ ಅದು ನಿಂತಿರಲಿಲ್ಲ. ಮಾವ ಅರಿಸಿನ ದಾರ ಕೈಯಲ್ಲಿ ಹಿಡಿದು ವಾರಗಟ್ಟಲೆ ಪುಟ ತಿರುವಿದ.

ಮನೆಯ ಪೇಪರು ಸಾಲದೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಗೂ ಹೋಗುತ್ತಾನೆ. ಒಂದು ದಿನ ಯಾರೋ ಗೃಹಸ್ಥರು ಪೇಪರನ್ನು ಮುಖಕ್ಕೆ ಹಿಡಿದು ಕ್ರಿಕೆಟ್ ಓದುತ್ತಿದ್ದರು. ಹಿಂಬದಿಯ ಪುಟದಲ್ಲಿ ಯುದ್ಧ. ಮಾವ ತಡೆದಾನೆಯೇ? ಎದುರಿಗೆ ನಿಂತು ಗೇಣು ಹಾಕತೊಡಗಿದ. ಪೇಪರಿನ ಮೇಲೆ ಏನೋ ಹರಿದಾಡಿದಂತಾಗಿ ಆ ಗೃಹಸ್ಥರು ಬಗ್ಗಿ ನೋಡಿ ಕೇಳಿದರಂತೆ, "ಪೇಪರಿಗೆ ಅಂಗಿ ಹೊಲಿಸ್ತೀರೇನ್ರಿ?"

ಇಷ್ಟೆಲ್ಲ ದೂರದ ದೇಶಗಳ ಚಿಂತೆ ಮಾಡುವ ಮಾವನಿಗೆ ಒಂದೇ ಒಂದು ಊರಿಗೆ ಮಾತ್ರ ಹೋಗಲಾಗುತ್ತಿರಲಿಲ್ಲ. ಅದು ಪಟ್ಟದಕಲ್ಲು, ನನ್ನ ಅವ್ವನ ಮನೆ! ನಾಗರಪಂಚಮಿಗೆ ಅಣ್ಣ ಬಂದು ಕರೆದರೆ ತಂಗಿ ತವರಿಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಕೆಲವು ವರ್ಷಗಳ ಹಿಂದೆ ಮಲಪ್ರಭೆ ಹೊಳೆ ಉಕ್ಕಿ ನಮ್ಮ ಮನೆ ಬಿದ್ದಿತ್ತು, ಅದರ ಮರುವರ್ಷದಿಂದ ಮಾವ ಕರೆಯಲು ಬರುವುದನ್ನೇ ಬಿಟ್ಟ. ಅತ್ತೆಯನ್ನು ಕಳಿಸುತ್ತಾನೆ, ಸೀರೆ ಕಳಿಸುತ್ತಾನೆ, ನನ್ನನ್ನು ಕಳಿಸುತ್ತಾನೆ. ಕೇಳಿದರೆ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯ ಹಾಸು ಇದೆ, ಯುದ್ಧ ಜೋರಾಗಿದೆ ಎಂದು ನೆವ. ಅವ್ವ ಸೀರೆ ಇಟ್ಟುಕೊಂಡು, "ಅಂವ ಬಂದು ಕರೀಲಿ, ಬರ್ತೇನಿ" ಎಂದು ಪ್ರತಿ ವರ್ಷವೂ ಬಾಗಿಲು ನೋಡುತ್ತಾ ಕೂಡುತ್ತಾಳೆ. ನನಗೆ ಇಬ್ಬರ ಮೇಲೂ ಸಿಟ್ಟು.

ಈ ವರ್ಷ ಮಾವ ಪೇಪರಿನ ಆಫೀಸಿಗೇ ಫೋನು ಹಚ್ಚಿದ. ಅರಿಸಿನ ದಾರ ಯಾಕೆ ಬೆಳೆಯುತ್ತಿಲ್ಲ ಎಂದು ಜಗಳ! ಆ ಕಡೆಯವರು ತಾಳ್ಮೆಯಿಂದ, ಸೂಡಾನಿನಲ್ಲಿ ಈಗ ನಮ್ಮವರು ಯಾರಾದರೂ ಇದ್ದಾರೆಯೇ ಎಂದರು. ಇದ್ದಾರೆ ಎಂದ ಮಾವ. ಎಷ್ಟು ಜನ?

"ಎಲ್ಲಾರೂ ನಮ್ಮವರ ಅಲ್ಲೇನ್ರಿ," ಎಂದು ಫೋನಿಟ್ಟ.

ಮೂರನೆಯ ದಿನ ಒಬ್ಬ ವರದಿಗಾರ ಮನೆಗೇ ಬಂದ. ಸೂಡಾನಿನ ಬಗ್ಗೆ ಬರೆಯಲು ಎಂದುಕೊಂಡಿರೇ? ಮಾವನ ಬಗ್ಗೆ! ಮೊಳೆಗಳ ಮುಂದೆ ನಿಲ್ಲಿಸಿ ಫೋಟೋ ಹೊಡೆದ, ಖಾಲಿ ಮೊಳೆ ಯಾರದ್ದು ಎಂದು ಕೇಳಿದ. "ಅದು ನಮ್ಮ ತಂಗಿ ಓಣೀದು" ಎಂದಷ್ಟೇ ಹೇಳಿ ಮಾವ ಕುಣಿಗೆ ಇಳಿದ. ಮರುದಿನ ಪೇಪರಿನಲ್ಲಿ ಬಣ್ಣದ ಫೋಟೋದ ಸುದ್ದಿ, ತಂಗಿಯ ಓಣಿಯ ಖಾಲಿ ಮೊಳೆಯ ಮಾತೂ ಅದರಲ್ಲಿತ್ತು. ಮಾವ ಗೇಣು ಹಾಕಿದ. ಎರಡು ಗೇಣು, ನಾಲ್ಕು ಬೆರಳು! ಸೂಡಾನಿಗೆ ಆ ತಿಂಗಳಿಡೀ ಸಿಕ್ಕಿದ್ದು ಒಂದು ಗೇಣು. ಓಣಿಯವರೆಲ್ಲ ಪೇಢೆ ಕೇಳಲು ಬಂದರೆ, ಮಾವ ಸೂತಕದವರ ಹಾಗೆ ಮುಖ ಮಾಡಿಕೊಂಡು ಕೂತಿದ್ದ.

ಆ ಪೇಪರು ಪಟ್ಟದಕಲ್ಲಿಗೂ ಹೋಗುತ್ತದಲ್ಲ! ಶನಿವಾರ ನಾನು ರೊಟ್ಟಿಗೆ ಕೂತಿದ್ದಾಗ ಅವ್ವ ಬಂದೇಬಿಟ್ಟಳು. ಪಂಚಮಿ ಇನ್ನೂ ಮುಂದಿತ್ತು, ಯಾರೂ ಕರೆದಿರಲಿಲ್ಲ. ಕೈಯಲ್ಲಿ ಪಂಚಮಿಯ ಉಂಡಿಯ ಚೀಲ. ಮಾವ ಕುಣಿಯಲ್ಲಿದ್ದ, ಅಲ್ಲಿಂದ ಎದ್ದು ಓಡಿಹೋಗುವುದು ಅಷ್ಟು ಸುಲಭವಲ್ಲ.

ಅವ್ವ ಗೋಡೆಯ ಮುಂದೆ ನಿಂತು ಖಾಲಿ ಮೊಳೆ ನೋಡಿದಳು. ಮಾವನೇ ಮೊದಲು ಬಾಯಿ ಬಿಟ್ಟ.

"ಆವತ್ತ ಪೇಪರಿನ್ಯಾಗ ಗುಡಿ ಫೋಟೋ ಇತ್ತು ತಂಗಿ. ಗುಡಿಗೆ ನೀರು ಬಂದೈತಿ ಅಂತಿತ್ತು. ನಿಮ್ಮ ಓಣಿ ಹೆಸರ ಇರಲಿಲ್ಲ. ಫೋನೂ ಹತ್ತಲಿಲ್ಲ. ಪೇಪರಿನ್ಯಾಗ ಇಲ್ಲಲ್ಲ, ಏನೂ ಆಗಿಲ್ಲ ಬಿಡು ಅಂತ ನಾಕ ದಿನ ಇಲ್ಲೇ ಕುಂತು ಸೀರಿ ನೇಯ್ದೆ."

ಆ ನಾಲ್ಕು ದಿನ ಅವ್ವ ಎತ್ತರದ ಜಾಗದ ಶಾಲೆಯೊಂದರಲ್ಲಿ ಒದ್ದೆ ಸೀರೆಯಲ್ಲಿ ಕೂತು ಅಣ್ಣನ ದಾರಿ ನೋಡಿದ್ದಳು. ನಾನಾಗ ಧಾರವಾಡದ ಹಾಸ್ಟೆಲ್ಲಿನಲ್ಲಿ ಪರೀಕ್ಷೆಗೆ ಓದುತ್ತಿದ್ದೆ. ಪೇಪರು ನೋಡಿ ನಾನೂ ಸುಮ್ಮನಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಐದನೇ ದಿನ ಸೊಂಟದ ಮಟ ರಾಡಿಯೊಳಗ, ರೊಟ್ಟಿ ಗಂಟು ತಲಿ ಮ್ಯಾಲಿಟ್ಕೊಂಡು ಬಂದ್ಯಲ್ಲೋ ಯಣ್ಣಾ. ಅದೂ ಯಾವ ಪೇಪರಿನ್ಯಾಗೂ ಬರಲಿಲ್ಲ. ಹಂಗಂತ ನೀ ಬಂದಿಲ್ಲೇನು?"

ಹೇಳಿ, ಕೈಯಲ್ಲಿದ್ದ ಉಂಡಿಯ ಚೀಲವನ್ನು ಆ ಮೊಳೆಗೆ ನೇತುಹಾಕಿದಳು. ಅತ್ತೆ ಉಸಿರು ಬಿಗಿಹಿಡಿದಳು. ಮಾವ ಚೀಲದ ತಂಟೆಗೆ ಹೋಗಲಿಲ್ಲ. ಕುಣಿಯಿಂದ ಮೇಲೆ ಬಂದು, ಕಣ್ಣೊರೆಸಿಕೊಂಡು, ಗಂಭೀರವಾಗಿ ಹೇಳಿದ:

"ನೀ ಈಗ ವಾಪಸ್ ಊರಿಗೆ ಹೋಗು. ನಾ ಬಂದು ಪಂಚಮಿಗೆ ಕರೀತೇನಿ."

ಇಬ್ಬರೂ ಒಂದೇ ಬಸ್ಸಿಗೆ ಹೋದರು! ನಾನೂ ಹತ್ತಿದೆ. ಅವ್ವ ಮುಂದಿನ ಸೀಟು, ಮಾವ ಹಿಂದಿನ ಸೀಟು, ದಾರಿಯುದ್ದಕ್ಕೂ ಮಾತಿಲ್ಲ. ಮಾವ ಇನ್ನೂ ಅವಳ ಮನೆಗೆ ಹೋಗಿ ಕರೆದಿರಲಿಲ್ಲವಲ್ಲ! ಪಟ್ಟದಕಲ್ಲಿನಲ್ಲಿ ಇಳಿದು ಅವ್ವ ಬಿರಬಿರನೆ ಮುಂದೆ ನಡೆದಳು. ಮತ್ತೆ ಕಟ್ಟಿದ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು, ಅಣ್ಣ ಕರೆಯಲಿ ಎಂದು ಆ ಬಾಗಿಲ ಹಿಂದೆಯೇ ನಿಂತಳು.