ಹತ್ತು ಸಾವಿರಕ್ಕೆ ಒಂದು ಸಲ

ಇನ್ನು ಮುಂದೆ ಈ ಮನೆಯಲ್ಲಿ ಯಾರೂ ಬೀಗದ ಕೈಗಾಗಿ ಪರದಾಡಕೂಡದು! ಹೀಗೆಂದು ಗಣಿತದ ಮೇಷ್ಟ್ರಾದ ನಾನು ಘೋರ ಪ್ರತಿಜ್ಞೆ ಮಾಡಿದೆ. ಮುಚ್ಚಿದರೆ ತಾನಾಗಿಯೇ ಬೀಗ ಬೀಳುವ ಬಾಗಿಲು ನಮ್ಮದು. ನಾಲ್ಕು ಕೀಲಿ ಮಾಡಿಸಿ, ನಾನೊಂದು ಇಟ್ಟುಕೊಂಡು, ಹೆಂಡತಿ, ಅತ್ತೆ, ಮಗಳಿಗೆ ಒಂದೊಂದು ಹಂಚಿ ಉಪನ್ಯಾಸಕ್ಕೆ ನಿಂತೆ.

“ಒಬ್ಬೊಬ್ರೂ ಹತ್ತು ಸಲಕ್ಕೆ ಒಂದು ಸಲ ಮರೀತೀವಿ ಅಂತಿಟ್ಕೊಳ್ಳಿ. ನಾಲ್ಕೂ ಜನ ಒಟ್ಟಿಗೆ ಮರೆಯೋದು? ಹತ್ತನ್ನ ಹತ್ತರಿಂದ ಗುಣಿಸ್ತಾ ಹೋಗಿ, ಹತ್ತು ಸಾವಿರಕ್ಕೆ ಒಂದು ಸಲ! ಉಳಿದ ಅಷ್ಟೂ ಸಲ ಒಬ್ಬರ ಹತ್ರನಾದ್ರೂ ಕೀಲಿ ಇದ್ದೇ ಇರುತ್ತೆ!”

“ಸದ್ಯ, ನಿಶ್ಚಿಂತೆ ಆಯ್ತು,” ಎಂದರು ಅತ್ತೆ. ನನ್ನ ಎದೆ ಉಬ್ಬಿತು.

ನನ್ನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಾಳೆ. ಶನಿವಾರ ಬೆಳಗ್ಗೆ, ಅವಳು ಗಿರಾಕಿಯೊಬ್ಬಳಿಗೆ ಹೊಲಿದ ಮದುವೆಯ ಉಡುಪು ಇಸ್ತ್ರಿಯಾಗಿ ಒಳಗೆ ತೂಗುತ್ತಿತ್ತು. ಅದನ್ನು ಒಯ್ಯಲು ಮದುಮಗಳು ಇನ್ನೇನು ಬರುವವಳು. ಅಷ್ಟರಲ್ಲಿ ಪಕ್ಕದ ಮನೆಯವರು ಸೋಫಾಕ್ಕೆ ಹಗ್ಗ ಕಟ್ಟಿ ಮಹಡಿಯ ಕಿಟಕಿಗೆ ಎತ್ತತೊಡಗಿದರು! ನೋಡದೆ ಬಿಡಲಾದೀತೇ? ನಾಲ್ವರೂ ಓಡಿದೆವು. ಸೋಫಾ ಮೇಲೇರಿತು. ಹಿಂದೆ ನಮ್ಮ ಬಾಗಿಲು ‘ಟಪ್’ ಎಂದಿತು.

“ಕೀಲಿ?” ಎಂದೆ, ರಾಜಗಾಂಭೀರ್ಯದಿಂದ.

“ಅಮ್ಮನ ಹತ್ರ ಇರುತ್ತಲ್ಲಾ ಅಂದ್ಕೊಂಡೆ,” ಎಂದಳು ಮಗಳು.

“ನಾನು ನಿಮ್ಮ ಹತ್ರ ಇರುತ್ತೆ ಅಂದ್ಕೊಂಡೆ!” ಎಂದಳು ಹೆಂಡತಿ.

“ಹತ್ತು ಸಾವಿರದ ಲೆಕ್ಕ ಕೇಳಿದ್ಮೇಲೆ ನಂದ್ಯಾಕೆ ಅಂತ ಅವತ್ತೇ ಡ್ರಾಯರಿಗೆ ಹಾಕ್ದೆ,” ಎಂದರು ಅತ್ತೆ.

ನನ್ನ ಜೇಬಿನಲ್ಲೋ, ಕರವಸ್ತ್ರ ಮಾತ್ರ! ಒಬ್ಬರ ಮರೆವಿಗೂ ಇನ್ನೊಬ್ಬರ ಮರೆವಿಗೂ ಸಂಬಂಧವಿಲ್ಲದಿದ್ದರೆ ತಾನೇ ನನ್ನ ಗುಣಾಕಾರ ನಿಲ್ಲುವುದು? ಉಪನ್ಯಾಸ ಕೇಳಿದ ಕ್ಷಣದಿಂದ ಎಲ್ಲರೂ ಎಲ್ಲರನ್ನೂ ನಂಬಿಕೊಂಡು ಆರಾಮವಾಗಿ ಮರೆತಿದ್ದರು. ಉಪನ್ಯಾಸಕನೂ ಸೇರಿದಂತೆ!

“ಉಡುಪು ಒಳಗಿದೆ ರೀ! ಆ ಹುಡುಗಿ ಏನುಟ್ಕೊಂಡು ಮದುವೆ ಆಗ್ಬೇಕು?” ಹೆಂಡತಿ ಅಳುವುದೊಂದೇ ಬಾಕಿ.

ಬಚ್ಚಲಿನ ಕಿಟಕಿ ತೆರೆದಿತ್ತು. ಮಗಳು ನುಗ್ಗುತ್ತೇನೆಂದಳು. ಹೋದ ಮಾನವನ್ನು ಮರಳಿ ತರುವ ಅವಕಾಶ ಬಿಟ್ಟುಕೊಡಲು ನಾನು ಸಿದ್ಧನಿರಲಿಲ್ಲ. ತಲೆ ಹೋಯಿತು, ಭುಜ ಹೋಯಿತು, ಹೊಟ್ಟೆ ಮುಷ್ಕರ ಹೂಡಿತು! ಅತ್ತ ಹೋಗಲಾರೆ, ಇತ್ತ ಬರಲಾರೆ. ಕೆಳಗೆ ಬಕೆಟ್ಟು ಬಾಯಿ ತೆರೆದು ನನಗಾಗಿ ಕಾಯುತ್ತಿತ್ತು.

ಉಡುಪು ಕೊನೆಗೆ ಮದುವೆಗೆ ತಲುಪಿತು, ಗಾಬರಿ ಬೇಡ. ಆದರೆ ಅದಕ್ಕೂ ಮೊದಲು ಬೆನ್ನ ಹಿಂದೆ ಮದುಮಗಳ ದನಿ ಕೇಳಿಸಿತು.

“ಅಯ್ಯೋ, ಆಂಟಿ! ಯಾರದಿದು ಕಾಲು?”

“ಕಾಲಲ್ಲಮ್ಮ,” ಎಂದಳು ನನ್ನ ಹೆಂಡತಿ, “ನಮ್ಮನೆ ಐದನೇ ಕೀಲಿ. ಒಂಚೂರು ದಪ್ಪ ಆಗಿದೆ. ನೀನೂ ಕೈ ಹಾಕು, ತಳ್ಳೋಣ!”