ತುಕ್ಕು ಬಿಟ್ಟ ಬಂದೂಕು

ನಮ್ಮ ಮನೆತನದ ಧೈರ್ಯ ಅಪ್ಪನ ಕಾಲಕ್ಕೇ ಮುಗಿದುಹೋಯಿತೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸಾಲಿ ಮಾಸ್ತರನಾದ ನನ್ನ ಪಾಲಿಗೆ ಬಂದದ್ದು ಅವರ ಬಂದೂಕು ಮಾತ್ರ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಸೂಡಿ ಊರಿನ ನಮ್ಮ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಚಿಕ್ಕಂದಿನಲ್ಲಿ ಹತ್ತಿರ ಸುಳಿದರೆ ಅಪ್ಪ, "ಭರ್ತಿ ಐತಿ, ಮುಟ್ಟಬ್ಯಾಡ" ಎನ್ನುತ್ತಿದ್ದರು. ಅದು ಖರೆಯೋ, ಬರೀ ಹೆದರಿಕೆಯೋ ಎಂದು ಕೇಳುವ ಮೊದಲೇ ತೀರಿಕೊಂಡರು. ಅಂದಿನಿಂದ ಅದರ ಬಾಯಿಯ ಎದುರು ನಾನು ತಲೆ ಬಗ್ಗಿಸಿಯೇ ಓಡಾಡಿದೆ. ಬಂದವರು ಅದನ್ನು ಪಿತೃಭಕ್ತಿ ಎಂದುಕೊಳ್ಳುತ್ತಿದ್ದರು.

ಆಗ ನಾವಿನ್ನೂ ಮುಂಬಯಿ ಸರಕಾರದವರು. ರೋಣದ ಕಚೇರಿಯಿಂದ ಕಾಗದ ಬಂತು: ಲೈಸೆನ್ಸು ನನ್ನ ಹೆಸರಿಗೆ ಆಗಬೇಕಾದರೆ ಬಂದೂಕನ್ನು ಖಾಲಿ ಮಾಡಿ, ಅದರ ಕುದುರೆ, ಅಂದರೆ ಮದ್ದು ಸಿಡಿಸಲು ಬಡಿಯುವ ಸುತ್ತಿಗೆ, ಹಿಂದೆ ಮುಂದೆ ಆಡುವಂತೆ ಮಾಡಿ ತೋರಿಸಬೇಕು. ಕುದುರೆಯೋ ತುಕ್ಕು ಹಿಡಿದು ಕಲ್ಲಾಗಿತ್ತು. "ಸರಕಾರಕ್ಕ ಕೊಟ್ಟಬಿಡೂಣು" ಎಂದೆ.

"ದಸರಾದ ಖಂಡೇಪೂಜಿಗೆ ಏನ ಇಡ್ಲಿ, ನಿನ್ನ ಛತ್ರಿ ಇಡ್ಲೇನು?" ಎಂದಳು ಅವ್ವ.

ಕಮ್ಮಾರ ಮಾನಪ್ಪ ಬಂದು ನಳಿಗೆಯೊಳಗೆ ಸಲಾಕೆ ಇಳಿಸಿ ನೋಡಿದ. ತಳ ಮುಟ್ಟಲು ನಾಲ್ಕು ಬೆರಳು ಕಡಿಮೆ ಬಿತ್ತು. "ಒಳಗ ಏನೋ ಐತ್ರಿ ಮಾಸ್ತರ್ರ" ಎಂದ. ನಾನು ಕಂಬದ ಮರೆಗೆ ಸರಿದೆ. ಅವನು ಚಿಮಣಿ ಎಣ್ಣೆಗೆ ಟರ್ಪಂಟೈನ್ ಬೆರೆಸಿ ಕುದುರೆಯ ಸಂದಿಗೂ ನಳಿಗೆಗೂ ಸುರಿದ. "ಮೂರ ದಿನ ನೆನೀಲಿ. ಬಡದ ಬಿಚ್ಚಾಕ ಹೋದ್ರ ನೀವೂ ಇಲ್ಲ, ನಾನೂ ಇಲ್ಲ."

ಮೂರು ದಿನ ಒಲೆ ಹೊತ್ತಿಸಲು ನಾನು ಬಿಡಲಿಲ್ಲ. ಕಟಕ ರೊಟ್ಟಿ, ಶೇಂಗಾ ಹಿಂಡಿ, ಜೊತೆಗೆ ಅವ್ವನ ಬೈಗುಳ ತಿಂದು ಕಾಲ ಕಳೆದೆವು.

ನಾಲ್ಕನೆಯ ದಿನ ಮಾನಪ್ಪ ಹಿತ್ತಲಲ್ಲಿ ಕೂತು ನಳಿಗೆಗೆ ಕೊಕ್ಕೆ ತಂತಿ ಹಾಕಿದ. ನಾನು ದನದ ಗ್ವಾದಲಿಯ ಹಿಂದೆ ಅಡಗಿ ಕಿವಿ ಮುಚ್ಚಿಕೊಂಡೆ. ಎಷ್ಟು ಹೊತ್ತಾದರೂ ಸಪ್ಪಳವಿಲ್ಲ. ಇಣುಕಿದರೆ, ಅವನ ಅಂಗೈಯಲ್ಲಿ ಕುಂಕುಮ ಮೆತ್ತಿ ಗಟ್ಟಿಯಾದ ಅಕ್ಕಿಕಾಳು, ಒಣಗಿದ ಚೆಂಡುಹೂವು.

"ಅವ್ವಾರ, ಇದನ್ನ ಭರ್ತಿ ಮಾಡಿದವ್ರು ನೀವ ನೋಡ್ರಿ" ಎಂದ ಮಾನಪ್ಪ. ವರ್ಷವರ್ಷವೂ ಖಂಡೇಪೂಜೆಗೆ ಅವ್ವ ಕುದುರೆಗೆ ಕುಂಕುಮದ ನೀರು, ನಳಿಗೆಯ ಬಾಯಿಗೆ ಅಕ್ಷತೆ ಹಾಕುತ್ತ ಬಂದಿದ್ದಳು. ಕುದುರೆ ತುಕ್ಕು ಹಿಡಿದದ್ದು ಆ ನೀರಿಗೆ; ಇಷ್ಟು ವರ್ಷ ನಾನು ತಲೆ ಬಗ್ಗಿಸಿದ್ದು ಆ ಅಕ್ಷತೆಗೆ.

ಕಚೇರಿಯಲ್ಲಿ ಕುದುರೆ ಟಕ್ಕೆಂದು ಬಿತ್ತು. ಸಾಹೇಬರು ಖುಷಿಪಟ್ಟು, "ಭಾಳ ಚಲೋ ಆತ್ರಿ. ಗಜೇಂದ್ರಗಡದ ಗುಡ್ಡದಾಗ ಚಿರತಿ ಕಂಡ್ರ ಇನ್ನ ನಿಮಗ ಹೇಳಿ ಕಳಸ್ತೀವಿ" ಎಂದರು.

ಆ ವರ್ಷದ ಖಂಡೇಪೂಜೆಯಲ್ಲಿ ಅವ್ವ ಹೆದರಿ ಹೆದರಿ ಕುದುರೆಗೆ ಎರಡೇ ಹನಿ ನೀರು ಚಿಮುಕಿಸಿದಳು. ನಾನು ತುಂಬಿದ ತಂಬಿಗೆಯನ್ನೇ ಅವಳ ಕೈಗಿಟ್ಟು ಕೈ ಮುಗಿದೆ.

"ಇನ್ನಷ್ಟ ಹಾಕಬೇ ಯವ್ವಾ, ಸಂದಿಗೆ ಇಳೀಲಿ."